ಕೊಸರಿನ ಪೊಟ್ಟಣ

"ತಕ್ಕಡಿ ಮುಟ್ಟಬೇಡಿ."

ಹಾಗೆಂದವಳ ಕೈಯಲ್ಲಿ ಮಾಂಸ ಕಡಿಯುವ ಕತ್ತಿಯಿತ್ತು. ಎದುರಿಗೆ ನಿಂತವನ ಕೈಯಲ್ಲಿ ತೂಕದ ಬಟ್ಟುಗಳ ಪೆಟ್ಟಿಗೆ. ಇಬ್ಬರ ನಡುವೆ, ಕಟ್ಟೆಯ ಮೇಲೆ, ಅವಳ ಅಪ್ಪನ ಕಾಲದ ತಕ್ಕಡಿ.

ಭಾನುವಾರ ಬೆಳಿಗ್ಗೆ ಏಳೂವರೆ. ಗಿರಾಕಿಗಳ ಸಾಲು ಬೀದಿಯ ತಿರುವನ್ನು ದಾಟಿತ್ತು. ಇಂಥ ಹೊತ್ತಿನಲ್ಲಿ ಬಂದು, ಗುರುತಿನ ಚೀಟಿ ತೋರಿಸಿ, ತಾನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್, ಹತ್ತು ನಿಮಿಷ ವ್ಯಾಪಾರ ನಿಲ್ಲಿಸಬೇಕು ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಅವಳಿಗೆ ಉರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಅಂಗಡಿ ಅವಳದು. ಹೆಣ್ಣುಹುಡುಗಿ ಕುರಿ ಮಾಂಸ ಕಡಿದು ಮಾರುವುದನ್ನು ಬೀದಿಯವರು ಮೊದಲು ಬಾಯಿಬಿಟ್ಟು ನೋಡಿದರು. ಆಮೇಲೆ ತೂಕದಲ್ಲೇನೋ ಕೈಚಳಕ ಇರಬೇಕೆಂದು ಪಿಸುಗುಟ್ಟಿದರು. ಕೊನೆಗೆ ಅವಳ ಹತ್ತಿರವೇ ಬಂದು ಸಾಲು ನಿಂತರು. ಆ ಪಿಸುಮಾತು ಮಾತ್ರ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದುಬಿಟ್ಟಿತ್ತು.

"ಮುಟ್ಟದೆ ಪರೀಕ್ಷೆ ಮಾಡೋಕಾಗಲ್ಲ," ಎಂದ ಅವನು, ಕತ್ತಿಯನ್ನೇ ನೋಡುತ್ತಾ. ಧ್ವನಿ ಮೆತ್ತಗಿತ್ತು. ಹೆಜ್ಜೆ ಮಾತ್ರ ಹಿಂದೆ ಹೋಗಲಿಲ್ಲ.

ಒಂದೊಂದೇ ಬಟ್ಟು ತಟ್ಟೆಗೆ ಇಳಿಯಿತು. ಬೀದಿಯೆಲ್ಲ ಉಸಿರು ಹಿಡಿದುಕೊಂಡು ಮುಳ್ಳನ್ನು ನೋಡಿತು. ಅವಳು ಮಾತ್ರ ಅವನ ಮುಖ ನೋಡಿದಳು. *ತಪ್ಪು ಸಿಗಲಿ ಅಂತ ಹುಡುಕ್ತಿದ್ದಾನೆ... ಹುಡುಕಲಿ!*

ಒಂದು ಗ್ರಾಮಿನ ವ್ಯತ್ಯಾಸವೂ ಸಿಗಲಿಲ್ಲ. ಅವನು ತಕ್ಕಡಿಗೆ ಮುದ್ರೆ ಹಾಕಿ, ಪೆಟ್ಟಿಗೆ ಮುಚ್ಚಿ, ಸಾಲಿನವರೆಲ್ಲರಿಗೂ ಕೇಳುವ ಹಾಗೆ, ಈ ಊರಿನಲ್ಲಿ ತಾನು ನೋಡಿದ ತಕ್ಕಡಿಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿಲ್ಲ ಎಂದ. ಆಮೇಲೆ ಹೊರಟುಹೋಗುತ್ತಾನೆ ಎಂದುಕೊಂಡರೆ, ಸಾಲಿನ ಕಟ್ಟಕಡೆಗೆ ಹೋಗಿ ನಿಂತ. ಮುಕ್ಕಾಲು ಗಂಟೆ ಕಾದು, ತನ್ನ ಸರದಿ ಬಂದಾಗ ಮುಕ್ಕಾಲು ಕೆಜಿ ಕೇಳಿದ.

ಅವಳ ಸೋದರತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತು ಪೊಟ್ಟಣಗಳಿಗೆ ದಾರ ಸುತ್ತುವವಳು. ನಾಲಿಗೆಗೆ ದಾರ ಸುತ್ತುವ ಅಭ್ಯಾಸ ಅವಳಿಗಿರಲಿಲ್ಲ. ಅವನು ತಿರುವು ದಾಟುತ್ತಲೇ ಶುರುಮಾಡಿದಳು.

"ಏನೇ ಪುಟ್ಟಿ, ಕಡಿಯೋಕೆ ಹೋದವಳು ಹಾಗೇ ನಿಂತುಬಿಟ್ಟೆಯಲ್ಲ?"

"ಸುಮ್ನಿರತ್ತೆ," ಎಂದಳು ಅವಳು. ಕಿವಿ ಬಿಸಿಯಾಗಿತ್ತು.

ಮಾಂಸದಂಗಡಿಯಲ್ಲಿ ಗಿರಾಕಿಗಳಿಗೆ ಹೆಸರಿರುವುದಿಲ್ಲ, ತೂಕವಿರುತ್ತದೆ. ಎರಡು ಕೆಜಿ ಮೇಷ್ಟ್ರು, ಒಂದೂಕಾಲು ಕೆಜಿ ನರ್ಸಮ್ಮ, ಹೀಗೆ. ಆ ಲೆಕ್ಕದಲ್ಲಿ ಇನ್‌ಸ್ಪೆಕ್ಟರ್ 'ಮುಕ್ಕಾಲು' ಆದ. ಪ್ರತಿ ಬುಧವಾರ, ಪ್ರತಿ ಭಾನುವಾರ, ಬೆಳಿಗ್ಗೆ ಏಳರೊಳಗೆ ಮುಕ್ಕಾಲು ಹಾಜರು. ಮನೆಯಲ್ಲಿ ಅವನು ಮತ್ತು ಅವನ ಅಪ್ಪ ಇಬ್ಬರೇ. ಅಪ್ಪ ನಿವೃತ್ತ ಬಸ್ ಡ್ರೈವರ್, ಅಡುಗೆ ಅವರದೇ. ಮಾಂಸವಿಲ್ಲದ ತಟ್ಟೆಯನ್ನು ಅವರು ತಟ್ಟೆ ಎಂದೇ ಕರೆಯುವುದಿಲ್ಲವಂತೆ. ಇಷ್ಟನ್ನು ತಿಳಿದುಕೊಳ್ಳಲು ಅವಳಿಗೆ ಎಂಟು ತಿಂಗಳು ಹಿಡಿಯಿತು, ಏಕೆಂದರೆ ಅವನು ಒಂದು ಸಲಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಆಡುತ್ತಿರಲಿಲ್ಲ.

ಆ ಒಂದು ವಾಕ್ಯಕ್ಕಾಗಿ ಅವಳು ಬುಧವಾರ ಮತ್ತು ಭಾನುವಾರ ತಲೆ ಬಾಚಿಕೊಳ್ಳುವುದು ಹೆಚ್ಚಾಯಿತು. ಅತ್ತೆ ಅದನ್ನೂ ಗಮನಿಸಿದಳು.

ಹೀಗಿರುವಾಗ ಒಂದು ಭಾನುವಾರ ಜುಬ್ಬಾ ತೊಟ್ಟ ಮನುಷ್ಯನೊಬ್ಬ ಬಂದು, ಮಾಂಸ ತಿನ್ನುವವರು ಎಂಥ ಪಾಪಿಗಳೆಂದು ಅಚ್ಚು ಹಾಕಿಸಿದ ಕಾಗದವನ್ನು ಸಾಲಿನವರಿಗೆ ಹಂಚತೊಡಗಿದ. ಅವಳ ಅಂಗಡಿಯ ಮುಂದೆಯೇ! ಅವಳು ಕಟ್ಟೆ ಬಳಸಿ ಹೊರಗೆ ಬಂದಳು.

"ತಿನ್ನೋದು ಬಿಡೋರು ಬಿಡಲಿ, ನಾನೇನೂ ಅಡ್ಡ ಬರಲ್ಲ. ಆದ್ರೆ ಬಿಟ್ಟವರು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ. ಈ ಕೆಲಸ ಮಾಡಿ ನಮ್ಮಪ್ಪ ನನ್ನನ್ನ ಸಾಕಿದ್ದು."

ಜುಬ್ಬಾದವನು ಜಾಗ ಖಾಲಿ ಮಾಡಿದ. ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ ಇನ್‌ಸ್ಪೆಕ್ಟರ್ ಏನನ್ನೋ ಹೇಳಲು ಬಾಯಿ ತೆರೆದಿದ್ದವನು ಮುಚ್ಚಿಕೊಂಡ. ಸರದಿ ಬಂದಾಗ ಅವಳ ಕಣ್ಣು ತಪ್ಪಿಸಿ ಹೇಳಿದ.

"ಇವತ್ತು ಅರ್ಧ ಕೆಜಿ ಸಾಕು."

ಅವಳ ಕತ್ತಿ ಒಂದು ಕ್ಷಣ ನಿಂತಿತು. ಅಷ್ಟೇ. ಒಂದು ದಿನ ಯಾರಿಗಾದರೂ ಕಡಿಮೆ ಸಾಕಾಗುತ್ತದೆ.

ಮುಂದಿನ ಬುಧವಾರವೂ ಅರ್ಧವೇ. ಎರಡು ವಾರದ ಮೇಲೆ ನಾನೂರು ಗ್ರಾಂ. "ಕೊಬ್ಬು ತೆಗೆದು ಕೊಡಿ," ಎಂಬ ಹೊಸ ಮಾತೊಂದು ಸೇರಿತು. ಆಮೇಲೆ ಮುನ್ನೂರು. ಅವನು ಅಳತೆಯ ಮನುಷ್ಯ, ಇಳಿಸುವುದನ್ನೂ ಅಳೆದೇ ಇಳಿಸುತ್ತಿದ್ದ. ಆದರೆ ಕಾರಣ ಹೇಳುತ್ತಿರಲಿಲ್ಲ. ಅವಳು ಕೇಳುತ್ತಿರಲಿಲ್ಲ. ಮಾಂಸ ಕಡಿಯಲು ಹೆದರದವಳಿಗೆ ಒಂದು ಪ್ರಶ್ನೆ ಕೇಳಲು ಎದೆ ಹೊಡೆದುಕೊಳ್ಳುತ್ತಿತ್ತು ಎಂದರೆ ನೀವು ನಂಬಬೇಕು.

*ಬೇರೆ ಅಂಗಡಿ ಹಿಡಿದಿರಬೇಕು...* ಎಂದುಕೊಂಡಳು ಮೊದಲು. ಹಾಗಿದ್ದರೆ ಇಲ್ಲಿಗೇಕೆ ಬರುತ್ತಾನೆ?

"ಮದುವೆಗೆ ಹುಡುಗಿ ಗೊತ್ತಾಗಿರಬೇಕು," ಎಂದಳು ಅತ್ತೆ. "ಮಾಂಸ ತಿನ್ನದ ಮನೆಯವಳು. ಮೆಲ್ಲಗೆ ರೂಢಿ ಬಿಡಿಸ್ತಿದ್ದಾಳೆ."

ಆ ಮಾತನ್ನು ಅವಳು ನಕ್ಕು ತಳ್ಳಿಹಾಕಿದಳು. ಅದೇ ವಾರ ತರಕಾರಿ ಸಾಲಿನಲ್ಲಿ ಅವನನ್ನು ಕಂಡಳು. ಕನ್ನಡಕದ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತು, ಈ ಕಾಳು ತಗೊಳ್ಳಿ, ಆ ಅಣಬೆ ತಗೊಳ್ಳಿ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಅವನು ವಿಧೇಯ ವಿದ್ಯಾರ್ಥಿಯ ಹಾಗೆ ಚೀಲ ಹಿಡಿದಿದ್ದ. ಹೆಂಗಸು ಏನೋ ಹೇಳಿದಳು. ಅವನು ನಕ್ಕ!

ತನ್ನೆದುರು ಎಂಟು ತಿಂಗಳಲ್ಲಿ ಎರಡೇ ಸಲ ನಕ್ಕಿದ್ದವನು...

ಅವತ್ತು ಅವಳು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೆಂದಳು. ಯಾವ ಅಂಗ ಸರಿಯಿಲ್ಲವೆಂದು ಅತ್ತೆಗೆ ಗೊತ್ತಿತ್ತು, ಆದರೆ ಒಂದು ಸಲಕ್ಕೆ ಅವಳೂ ಸುಮ್ಮನಿದ್ದಳು.

ಮುಂದಿನ ಬುಧವಾರ ಅವನು ಬಂದಾಗ ಸಿಟ್ಟು ಮಾಡಿಕೊಳ್ಳಬೇಕೆಂದೇ ಕಾದಿದ್ದಳು. ಅವನನ್ನು ನೋಡಿದ ಕೂಡಲೇ ಸಿಟ್ಟು ಇಳಿದುಹೋಯಿತು. ಕತ್ತಿನ ಸುತ್ತ ಅಂಗಿಯ ಕಾಲರು ಸಡಿಲವಾಗಿತ್ತು. ಕೆನ್ನೆಯ ಮೂಳೆ ಕಾಣುತ್ತಿತ್ತು. ಕಣ್ಣಿಗೆ ನಿದ್ದೆಯಿರಲಿಲ್ಲ. ಯಾವ ಮಹಾರಾಯಿತಿ ಇವನನ್ನು ಹೀಗೆ ಒಣಗಿಸುತ್ತಿದ್ದಾಳೆ?

ಮುನ್ನೂರು ಗ್ರಾಂ ತೂಗಿದಳು. ಅವನೆದುರಿಗೇ, ಮುಳ್ಳು ನೆಟ್ಟಗೆ ನಿಲ್ಲುವ ಹಾಗೆ. ಕಾಗದ ಸುತ್ತಲು ಕೆಳಗಿನ ಹಲಗೆಗೆ ಬಗ್ಗಿದಾಗ ಅವಳ ಕೈ ಅವಳ ಮಾತು ಕೇಳಲಿಲ್ಲ. ಪಕ್ಕೆಯ ಎರಡು ರುಚಿಯಾದ ತುಂಡು, ಅಂಚಿಗೆ ಬಿಳಿ ಕೊಬ್ಬು ಇದ್ದದ್ದು, ಸಣ್ಣ ಕಾಗದದಲ್ಲಿ ಸುತ್ತಿ ದೊಡ್ಡ ಪೊಟ್ಟಣದೊಳಗೆ ಇಟ್ಟಳು.

ಕೊಸರು. ಅಪ್ಪನ ಕಾಲದಿಂದಲೂ ತೂಕ ಮುಗಿದ ಮೇಲೆ ಬೇಕಾದವರಿಗೆ ಒಂದು ಚೂರು ಹೆಚ್ಚಿಗೆ ಹಾಕುವುದು ಅಂಗಡಿಯ ಪದ್ಧತಿ. ಕೇಳಿ ಕೊಡುವುದಲ್ಲ, ಹೇಳಿ ಕೊಡುವುದೂ ಅಲ್ಲ. *ತಿನ್ನಲಿ. ಮೈಗೆ ಹತ್ತಲಿ...* ಎಂದುಕೊಂಡಳು. ಅವಳಿಗೆ ಪ್ರೀತಿ ತೋರಿಸಲು ಗೊತ್ತಿದ್ದದ್ದು ಅದೊಂದೇ ದಾರಿ.

ಮುಂದಿನ ಸಲ ಬಂದಾಗ ಅವನು ಅದರ ಬಗ್ಗೆ ಏನೂ ಹೇಳಲಿಲ್ಲ. ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎನ್ನಲಿಲ್ಲ. ಮೌನವನ್ನು ಅವಳು ಒಪ್ಪಿಗೆ ಎಂದುಕೊಂಡಳು. ಅವನು ಕಾಲು ಕೆಜಿಗೆ ಇಳಿದ. ಅವಳ ಸಣ್ಣ ಪೊಟ್ಟಣ ದಪ್ಪವಾಯಿತು. ಹೀಗೆ ಹನ್ನೊಂದು ಸಲ.

ಹನ್ನೆರಡನೆಯ ಸಲ, ಭಾನುವಾರ, ಅವನು ಬರಲಿಲ್ಲ.

ಏಳಾಯಿತು, ಎಂಟಾಯಿತು. ಅವಳು ಕಾಲು ಕೆಜಿ ತೆಗೆದಿಟ್ಟು ಕಾದಳು. ಹತ್ತಕ್ಕೆ ನರ್ಸಮ್ಮ ಬಂದು, ಬಸ್ ಡ್ರೈವರ್ ಯಜಮಾನರನ್ನು ನಿನ್ನೆ ಸಂಜೆ ಎದೆನೋವೆಂದು ಆಸ್ಪತ್ರೆಗೆ ತಂದರು, ಸ್ಥಿತಿ ಚೆನ್ನಾಗಿಲ್ಲ ಎಂದಳು. ಕೇಳಿಸಿಕೊಂಡ ಅಂಗಡಿಯವಳ ಕೈಯಿಂದ ದಾರದ ಉಂಡೆ ಜಾರಿ ಬೀದಿಯವರೆಗೆ ಉರುಳಿತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುತ್ತಿರುವಾಗಲೇ ಅವನು ಬಂದ. ಗಡ್ಡ ಬೆಳೆದಿತ್ತು. ಮೊದಲ ಬಾರಿ ಸಾಲಿನಲ್ಲಿ ನಿಲ್ಲಲಿಲ್ಲ. ನೇರ ಕಟ್ಟೆಗೆ ಬಂದು, ಜೇಬಿನಿಂದ ಮಡಿಸಿದ ಸಣ್ಣ ಕಾಗದಗಳನ್ನು ತೆಗೆದು ಒಂದೊಂದಾಗಿ ಇಟ್ಟ. ಜಿಡ್ಡು ಹಿಡಿದ ಕಂದು ಕಾಗದಗಳು. ಹನ್ನೊಂದು.

"ಇವು ನಿಮ್ಮ ಅಂಗಡಿಯವೇ?"

"ಹೌದು."

"ನಮ್ಮಪ್ಪ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ರು. ನಾನು ಆಫೀಸಿಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಬೇಯಿಸ್ಕೊಂಡು ತಿಂದು, ಪಾತ್ರೆ ತೊಳೆದಿಟ್ಟುಬಿಡ್ತಿದ್ರಂತೆ. ಎಷ್ಟು ಹಾಕ್ತಿದ್ರಿ?"

"ನೂರು ಗ್ರಾಂ... ಕೆಲವು ಸಲ ಇನ್ನೂರು."

ಅವನು ಕಣ್ಣು ಮುಚ್ಚಿ ತೆರೆದ. ಮೂರು ತಿಂಗಳ ಹಿಂದೆಯೇ ಅಪ್ಪನ ಎದೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆಯೆಂದು ಗೊತ್ತಾಗಿತ್ತಂತೆ. ಈ ಊರಿಗೆ ಬರುವ ಮುಂಚೆ ಒಮ್ಮೆ ಒಂದೇ ಸಲಕ್ಕೆ ಮಾಂಸ ಬಿಡಿಸಿದ್ದಕ್ಕೆ ಹದಿನೈದು ದಿನ ತಡೆದುಕೊಂಡು, ಹದಿನಾರನೆಯ ದಿನ ಹೋಟೆಲಿಗೆ ಹೋಗಿ ಮೂರು ಜನರ ಊಟ ಒಬ್ಬರೇ ಮಾಡಿ ಬಂದರಂತೆ. ಅದಕ್ಕೇ ಮೆಲ್ಲಗೆ, ಅವರ ನಾಲಿಗೆಗೆ ಗೊತ್ತಾಗದ ಹಾಗೆ ಇಳಿಸುವ ಉಪಾಯ ಮಾಡಿದ್ದ. ಪಾತ್ರೆ ತುಂಬಿ ಕಾಣಲೆಂದು ಕಾಳು, ಅಣಬೆ. ಅಪ್ಪನಿಗೆ ಒಂಟಿಯೆನ್ನಿಸದಿರಲೆಂದು ತಾನೂ ಅಷ್ಟೇ ತಿನ್ನುತ್ತಿದ್ದ. ಔಷಧಿ ಕೊಟ್ಟು, ಊಟ ಇಳಿಸಿಯೂ ರಕ್ತಪರೀಕ್ಷೆ ಮಾತ್ರ ಒಂದು ತಿಂಗಳಿಂದೀಚೆಗೆ ಕೆಡುತ್ತಾ ಹೋಗಿತ್ತು. ಯಾಕೆಂದು ಡಾಕ್ಟರಿಗೂ ಅರ್ಥವಾಗಿರಲಿಲ್ಲ.

"ನಾನು ಇಳಿಸಿದಷ್ಟನ್ನೂ ನೀವು ತುಂಬಿದ್ರಿ," ಎಂದ ಅವನು. ಧ್ವನಿ ಏರಲಿಲ್ಲ. ಏರಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. "ಕಡಿಮೆ ಕೊಟ್ರೆ ಮಾತ್ರ ಸುಳ್ಳು ತೂಕ ಅಂದ್ಕೊಂಡಿದ್ರಾ? ಊರಿನ ಒಂದೊಂದು ತಕ್ಕಡೀನೂ ಪರೀಕ್ಷೆ ಮಾಡ್ತೀನಿ ನಾನು. ನಿಮ್ಮ ಪೊಟ್ಟಣ ಮಾತ್ರ ಒಂದು ದಿನವೂ ಮನೇಲಿ ತೂಗಲಿಲ್ಲ. ಬಿಚ್ಚಿಯೂ ನೋಡಲಿಲ್ಲ."

"ನನಗೆ... ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ..."

"ಹೇಳೋಕೇ ಬಂದಿದ್ದೆ, ಆ ಭಾನುವಾರ. ಬಿಟ್ಟವರು ಮೆಟ್ಟಿಲು ಹತ್ತಬೇಡಿ ಅಂದ್ರಿ. ಹತ್ತದೆ ಇರೋಕೆ ನನ್ನಿಂದ ಆಗ್ತಿರಲಿಲ್ಲ."

ಅಷ್ಟು ಹೇಳಿ ತಿರುಗಿ ಹೊರಟ. ಅವಳಿಗೆ ಮಾತಿನ ಕೊನೆಯ ಭಾಗ ಅರ್ಥವಾಗುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು.

ಅತ್ತೆ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. "ಅಳಬೇಡ ಕಣೇ. ಒಳ್ಳೇದಕ್ಕೆ ಅಂತ ತಾನೇ ಮಾಡಿದ್ದು ನೀನು?"

"ಒಳ್ಳೇದಕ್ಕೆ ಅಂತ ಮಾಡಿದ್ದಕ್ಕೇ ಅವರು ಸಾಯ್ತಿದ್ದಾರೆ ಅತ್ತೆ."

ಅವಳು ಅಂಗಡಿಯ ಬಾಗಿಲು ಎಳೆದಳು. ಬೆಳಿಗ್ಗೆ ಎಂಟಕ್ಕೇ ಬಾಗಿಲು ಹಾಕಿದ್ದನ್ನು ಆ ಬೀದಿ ಅಪ್ಪ ಸತ್ತ ದಿನ ಮಾತ್ರ ಕಂಡಿತ್ತು. ಕಟ್ಟೆಯ ಮೇಲೆ ಒಂದು ದೊಡ್ಡ ಹಾಳೆ ಹರಡಿಕೊಂಡು ಕೂತಳು. ಅವಳಿಗೆ ಹೊಳೆದದ್ದು ಒಂದೇ. ಯಾವ ದಿನ ಎಷ್ಟು, ಯಾವ ಭಾಗದ ಮಾಂಸ, ಎಷ್ಟು ಕೊಬ್ಬು ಎಂಬುದು ಗೊತ್ತಾದರೆ ಡಾಕ್ಟರಿಗೆ ಏನಾದರೂ ಉಪಯೋಗವಾದೀತು. ಅದು ಗೊತ್ತಿದ್ದದ್ದು ಲೋಕದಲ್ಲಿ ಅವಳೊಬ್ಬಳಿಗೇ. ತನ್ನ ತಪ್ಪನ್ನು ತನ್ನ ಕೈಯಾರೆ ಬರೆದು ಒಪ್ಪಿಸಬೇಕು. ಊರಿಗೆಲ್ಲ ಗೊತ್ತಾದರೂ ಸರಿ, ಅಂಗಡಿಯ ಹೆಸರು ಮಣ್ಣುಪಾಲಾದರೂ ಸರಿ.

ಒಂದೊಂದು ದಿನವನ್ನೂ ನೆನಪಿನಿಂದ ಎಳೆದು ತೆಗೆದಳು. ನೆನಪಿಗೆ ಹೇಗೆ ಬಂತೋ ಹಾಗೇ ಬರೆದಳು. ತಿದ್ದಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಹೃದಯದ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಾಗ, ಒಳಗಿದ್ದದ್ದು ತರಕಾರಿ ಸಾಲಿನ ಕನ್ನಡಕದ ಹೆಂಗಸು! ಬೇರೆ ದಿನವಾಗಿದ್ದರೆ ಅವಳು ಅಲ್ಲೇ ನಾಚಿ ನೀರಾಗುತ್ತಿದ್ದಳು. ಇವತ್ತು ನಾಚಿಕೆಗೂ ಪುರುಸೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಅದೇ ಕೋಣೆಯ ಕುರ್ಚಿಯಲ್ಲಿ ತಲೆ ಹಿಡಿದು ಕೂತಿದ್ದ. ಅವಳನ್ನು ನೋಡಿ ಎದ್ದುನಿಂತ.

ಅವಳು ಅವನ ಕಡೆ ತಿರುಗಲಿಲ್ಲ. "ಡಾಕ್ಟ್ರೇ, ಯಜಮಾನ್ರು ತಿಂದ ಕೊಬ್ಬೆಲ್ಲ ನಾನು ಕೊಟ್ಟದ್ದು. ಎಷ್ಟು ಅಂತ ಬರೆದು ತಂದಿದ್ದೀನಿ," ಎಂದು ಹಾಳೆ ಮುಂದಿಟ್ಟಳು.

ಡಾಕ್ಟರಮ್ಮ ಓದತೊಡಗಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಸಡಿಲವಾಯಿತು. ಹಾಳೆಯ ಕೊನೆಗೆ ಬಂದು ಮತ್ತೆ ಮೊದಲಿನಿಂದ ಓದುತ್ತಾ ತೂಕಗಳನ್ನು ತಮ್ಮ ಪುಸ್ತಕಕ್ಕೆ ಬರೆದುಕೊಂಡರು. ಗೋಡೆಯ ಗಡಿಯಾರದ ಸದ್ದು ಅವಳ ತಲೆಯೊಳಗೇ ಬಡಿಯುತ್ತಿತ್ತು.

ಇಷ್ಟು ದಿನ ಔಷಧಿಯೇ ನಾಟುತ್ತಿಲ್ಲವೆಂದು ತಿಳಿದು ನಾಳೆ ಎದೆ ಕೊಯ್ಯುವ ಆಪರೇಷನ್ನಿಗೆ ತಯಾರಿ ಮಾಡಿದ್ದರಂತೆ. ಈ ವಯಸ್ಸಿಗೆ, ಈ ಸ್ಥಿತಿಯಲ್ಲಿ, ಮೇಜಿನಿಂದ ಎದ್ದು ಬರುವುದು ಅನುಮಾನವೇ ಇತ್ತು. "ಔಷಧಿ ಸೋತಿಲ್ಲ, ಇಷ್ಟು ಕೊಬ್ಬಿನ ಮುಂದೆ ಒದ್ದಾಡ್ತಿತ್ತು," ಎಂದರು ಡಾಕ್ಟರಮ್ಮ. ಇವತ್ತು ನಾಡಿ ಹತೋಟಿಗೆ ಬಂದಿದೆ, ಆಪರೇಷನ್ ಸದ್ಯಕ್ಕೆ ನಿಲ್ಲಿಸಿ ಔಷಧಿಗೆ ಒಂದು ತಿಂಗಳ ಅವಕಾಶ ಕೊಟ್ಟು ನೋಡೋಣ, ಭರವಸೆ ಮಾತ್ರ ಕೊಡಲಾರೆ ಎಂದರು.

ಆಮೇಲೆ ಹಾಳೆಯನ್ನು ಮಡಿಸಿ ಇನ್‌ಸ್ಪೆಕ್ಟರ್ ಕಡೆ ಚಾಚಿದರು. "ಇದರಲ್ಲಿ ಅರ್ಧ ನನಗೆ ಸಂಬಂಧಪಟ್ಟದ್ದು, ನಕಲು ಮಾಡ್ಕೊಂಡಿದ್ದೀನಿ. ಉಳಿದರ್ಧ ನಿಮಗೆ ಸಂಬಂಧಪಟ್ಟದ್ದು."

ಅವನು ಬಿಡಿಸಿ ಓದಿದ.

*ಮೊದಲ ಬುಧವಾರ. ಕಾಲರು ಸಡಿಲವಾಗಿತ್ತು, ನಿದ್ದೆ ಮಾಡಿರಲಿಲ್ಲ. ಪಕ್ಕೆ, ನೂರು ಗ್ರಾಂ, ಅಂಚಿಗೆ ಕೊಬ್ಬು.*

*ಭಾನುವಾರ. ಎರಡನೇ ಗುಂಡಿ ಕಿತ್ತಿತ್ತು, ಹೊಲಿಯೋರು ಯಾರೂ ಇಲ್ಲ. ನೂರು ಗ್ರಾಂ.*

*ಬುಧವಾರ. ಮಳೆ. ಕೊಡೆ ಮರೆತಿದ್ದರು. ಕೆಮ್ಮು. ಎದೆಯ ಮೂಳೆ ಸೇರಿಸಿ ನೂರೈವತ್ತು.*

*ಭಾನುವಾರ. ನಕ್ಕರು. ಇನ್ನೂರು.*

ಅವನು ಅಲ್ಲಿಗೆ ನಿಂತ. ಅವಳಿಗಂತೂ ತಾನು ಏನು ಬರೆದಿದ್ದೇನೆಂಬುದು ಆಗ ಹೊಳೆಯಿತು. ನೆಲ ಬಾಯಿಬಿಡಬಾರದೇ ಎನಿಸಿತು. ಕೋಣೆಯಿಂದ ಹೊರಗೆ ನಡೆದುಬಿಟ್ಟಳು.

ಹೊರಗೆ ಕಾರಿಡಾರಿನ ಕೊನೆಯ ವಾರ್ಡಿನಲ್ಲಿ ಯಜಮಾನರು ಮಲಗಿದ್ದರು. ಮೂಗಿಗೆ ಕೊಳವೆ, ಕೈಗೆ ಸೂಜಿ. ಬಾಗಿಲಲ್ಲಿ ನಿಂತವಳನ್ನು ಅವರೇ ಕೈಸನ್ನೆ ಮಾಡಿ ಕರೆದರು. ಅಂಗಡಿಯವಳೋ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಅಳು ಬಂತು.

"ಅಳೋದು ನಾನಮ್ಮ, ನಾಳೆಯಿಂದ ಬರೀ ಗಂಜಿ ಅಂತೆ," ಎಂದರು ಅವರು. ಆಮೇಲೆ ದನಿ ತಗ್ಗಿಸಿದರು. "ಆ ಸಣ್ಣ ಪೊಟ್ಟಣ ನನಗಲ್ಲ ಅಂತ ಮೊದಲನೇ ದಿನವೇ ಗೊತ್ತಾಯ್ತು. ನನ್ನ ಮಗನ ಪಾಲು ಅದು. ಗೊತ್ತಿದ್ದೂ ತಿಂದೆ. ನೀನು ಕದ್ದು ಕೊಟ್ಟೆ, ನಾನು ಕದ್ದು ತಿಂದೆ, ಆ ಪೆದ್ದ ಕದ್ದು ಕದ್ದು ನಿನ್ನನ್ನ ನೋಡೋಕೆ ಬರ್ತಿದ್ದ. ಸಿಕ್ಕಿಬಿದ್ದವನು ಮಾತ್ರ ನಾನೊಬ್ಬನೇ."

ಅಳುತ್ತಲೇ ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು ಅವರ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದಳು.

"ಯಜಮಾನ್ರೇ, ಪೂರ್ತಿ ಬಿಡಿ ಅಂತ ನಾನು ಹೇಳಲ್ಲ. ಡಾಕ್ಟ್ರು ಒಪ್ಪಿದ ಮೇಲೆ ವಾರಕ್ಕೆ ಎರಡು ದಿನ, ಇಷ್ಟೇ, ಅಂಗೈಯಷ್ಟು. ಕೊಬ್ಬಿಲ್ಲದ ಭಾಗ ನಾನೇ ಆರಿಸಿ ಕೊಡ್ತೀನಿ. ಅದರ ಮೇಲೆ ಒಂದು ಚೂರು ಕೇಳಿದ್ರೂ ನನ್ನ ಕೈಯಿಂದ ಹುಟ್ಟಲ್ಲ."

"ಮಾಂಸದಂಗಡಿಯವಳೇ ಹೀಗಂದ್ರೆ ಇನ್ನು ನಾನು ಯಾರ ಹತ್ತಿರ ಹೋಗಲಿ?" ಎಂದು ಅವರು ಗೊಣಗಿದರು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಅವನು. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಅವಳು ಕಾದಳು. ಒಂದು ಮಾತು... ಒಂದೇ ಒಂದು...

"ಈಗ ನೀವು ಹೋಗಿ," ಎಂದ ಅವನು. ಅವಳು ಹೋದಳು.

ಬುಧವಾರ ಬಂತು, ಭಾನುವಾರ ಬಂತು. ಅವನು ಬರಲಿಲ್ಲ. ಯಜಮಾನರು ಹತ್ತು ದಿನಕ್ಕೆ ಮನೆಗೆ ಹೋದರೆಂದು ನರ್ಸಮ್ಮ ಹೇಳಿದಳು. ಆದರೂ ಅವನು ಬರಲಿಲ್ಲ. ಎದ್ದು ಹೋಗಿ ಅವರ ಬಾಗಿಲು ತಟ್ಟಬೇಕೆಂದು ಅವಳಿಗೆ ದಿನಕ್ಕೆ ನಾಲ್ಕು ಸಲ ಅನ್ನಿಸುತ್ತಿತ್ತು. ಹೋಗಿ ಎಂದವನ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಈ ನಡುವೆ ಅವಳೊಂದು ವಿಚಿತ್ರ ಕೆಲಸಕ್ಕೆ ಕೈಹಾಕಿದಳು. ಯಜಮಾನರಿಗೆ ಹೇಳಿದ್ದನ್ನು ತಾನೂ ಮಾಡಿ ನೋಡಬೇಡವೇ? ಹುಟ್ಟಿದಾಗಿನಿಂದ ಎರಡು ಹೊತ್ತು ಮಾಂಸ ಉಂಡವಳು ಒಮ್ಮೆಲೇ ನಿಲ್ಲಿಸಿದಳು. ನಾಲ್ಕನೆಯ ದಿನ ಅಂಗಡಿಯ ಬೆಕ್ಕು ಮೂಳೆ ಚೀಪುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು. ಐದನೆಯ ದಿನ ಅತ್ತೆಯ ತಟ್ಟೆಯಿಂದ ಒಂದು ತುಂಡು ಕದ್ದಳು! ಕದ್ದ ತುಂಡು ಬಾಯಲ್ಲಿಟ್ಟುಕೊಂಡು ಯಜಮಾನರನ್ನು ನೆನೆದಳು, ಪಾಪ ಎನಿಸಿತು. ಆಮೇಲೆ ಬುದ್ಧಿ ಕಲಿತು ಒಂದು ಹೊತ್ತು ಬಿಟ್ಟಳು, ಮುಂದಿನ ವಾರ ದಿನ ಬಿಟ್ಟು ದಿನ. ಕಾಳು ಬೇಯಿಸುವಾಗ ಮೂಳೆಯ ನೀರು ಒಂದು ಸೌಟು ಹಾಕಿದರೆ ನಾಲಿಗೆ ಅರ್ಧ ಸುಮ್ಮನಾಗುತ್ತದೆಂದು ಕಂಡುಕೊಂಡಳು. ಇದನ್ನು ಅವನಿಗೆ ಹೇಳಬೇಕೆಂದು ಅನ್ನಿಸಿದಾಗಲೆಲ್ಲ ತಕ್ಕಡಿಯ ತಟ್ಟೆಯನ್ನು ಇನ್ನೊಮ್ಮೆ ಒರೆಸುತ್ತಿದ್ದಳು.

"ಮಾಂಸದಂಗಡಿಯವಳು ಕಾಳು ತಿಂದ್ಕೊಂಡಿದ್ರೆ ಜನ ಏನಂದಾರೇ?" ಎಂದು ಅತ್ತೆ ಹಣೆ ಚಚ್ಚಿಕೊಂಡಳು.

"ಬಿಟ್ಟಿಲ್ಲ ಅತ್ತೆ. ಕಡಿಮೆ ಮಾಡಿದ್ದೀನಿ ಅಷ್ಟೇ. ಹಾಗೂ ಇರಬಹುದು ಅಂತ ನನಗೂ ಗೊತ್ತಿರಲಿಲ್ಲ."

ತಿಂಗಳಾದ ಮೇಲೆ, ಒಂದು ಭಾನುವಾರ, ಸಾಲಿನ ಕಟ್ಟಕಡೆಯಲ್ಲಿ ಅವನು ನಿಂತಿದ್ದ.

ಅವನ ಮುಂದೆ ಇಪ್ಪತ್ತು ಜನರಿದ್ದರು. ಎರಡು ಕೆಜಿ ಮೇಷ್ಟ್ರಿಗೆ ಎರಡು ಸಲ ತೂಗಿದಳು. ಅವನ ಮುಖದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆಯ ಫಲ ಏನು ಬಂತೋ? ಆಪರೇಷನ್ನೋ? ಅದನ್ನು ಹೇಳಲು ಬಂದನೋ? *ಇದೇ ಕೊನೆ ಅಂತ ಹೇಳೋಕೆ ಬಂದಿರ್ಬಹುದು...* ಒಬ್ಬೊಬ್ಬರಾಗಿ ಸರಿದರು. ಅತ್ತೆ ದಾರ ಸುತ್ತುವುದನ್ನು ನಿಲ್ಲಿಸಿದ್ದಳು.

ಅವನು ಕಟ್ಟೆಯ ಮುಂದೆ ಬಂದು ನಿಂತ. ಕಾಲರು ಇನ್ನೂ ಸಡಿಲವಾಗಿಯೇ ಇತ್ತು.

"ರಿಪೋರ್ಟ್ ನಿನ್ನೆ ಬಂತು. ಔಷಧಿ ನಾಟಿದೆ. ಆಪರೇಷನ್ ಬೇಡ ಅಂದ್ರು."

ಅವಳು ಕತ್ತಿಯನ್ನು ಕೆಳಗಿಟ್ಟಳು.

"ಒಂದು ತಿಂಗಳು ಯಾಕೆ ಬರಲಿಲ್ಲ ಅಂತ ಹೇಳಿಬಿಡ್ತೀನಿ," ಎಂದ ಅವನು. ಅವನು ಒಂದು ವಾಕ್ಯ ದಾಟಿದ್ದನ್ನು ಅವಳು ಆಗ ಗಮನಿಸಿದಳು. "ರಿಪೋರ್ಟ್ ಕೆಟ್ಟದಾಗಿ ಬಂದಿದ್ರೆ ನಿಮ್ಮನ್ನ ಕ್ಷಮಿಸ್ತಿದ್ನೋ ಇಲ್ವೋ, ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿಮ್ಮೆದುರು ನಿಲ್ಲೋಕೆ ಧೈರ್ಯ ಬರಲಿಲ್ಲ. ನೀವು ಬರೆದದ್ದನ್ನ ಮಾತ್ರ ದಿನಾ ಓದಿದೆ. ನಿನ್ನೆ ಲಕೋಟೆ ಕೈಗೆ ಬಂತು. ಒಡೆಯೋ ಮುಂಚೆಯೇ ಗೊತ್ತಾಯ್ತು, ಒಳಗೆ ಏನಿದ್ರೂ ಸರಿ, ಇವತ್ತು ಇಲ್ಲಿಗೆ ಬರ್ತೀನಿ ಅಂತ."

ಅವಳ ಕಣ್ಣು ಮಂಜಾಯಿತು. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ನಾಲ್ಕು ವರ್ಷದ ರೂಢಿಯ ಮಾತೇ.

"ಎಷ್ಟು ಕೊಡಲಿ?"

"ಕಾಲು ಕೆಜಿ. ಮೂರು ಜನಕ್ಕೆ ಬರೋ ಹಾಗೆ ಕತ್ತರಿಸಿ."

ಕತ್ತಿ ಎತ್ತಿದವಳು ಹಾಗೇ ನಿಂತಳು. "ನಿಮ್ಮ ಮನೇಲಿರೋದು ಇಬ್ಬರು."

"ಸದ್ಯಕ್ಕೆ."

ಮೂಲೆಯ ಸ್ಟೂಲು ಕಿರುಗುಟ್ಟಿತು. ಅತ್ತೆ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಅವಳು ತೂಗಿದಳು. ಕೊಬ್ಬು ಬಿಡಿಸಿದಳು. ನಿಧಾನವಾಗಿ, ಒಂದೇ ಗಾತ್ರಕ್ಕೆ, ಮೂರು ಪಾಲು ಮಾಡಿ ಅವನೆದುರಿಗೇ ಕಾಗದದ ಮೇಲೆ ಬಿಡಿಬಿಡಿಯಾಗಿ ಇಟ್ಟಳು.

"ಒಬ್ಬೊಬ್ಬರಿಗೆ ಇಷ್ಟೇ ಬರೋದು," ಎಂದಳು. ದನಿ ಒಡೆದಿತ್ತು.

"ನಿಮಗೆ ಸಾಕಾಗುತ್ತಾ?"

"ಸಾಕು," ಎಂದಳು. ಆಮೇಲೆ, ಎದೆಯಲ್ಲಿದ್ದದ್ದನ್ನು ಇನ್ನು ಹಿಡಿದಿಡಲಾರದೆ, ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. "ನೀವಿದ್ರೆ ನನಗೆ ಸಾಕು."

ಅವನು ನಕ್ಕ. ಮುಖವೆಲ್ಲ ನಗು.

"ಅಡುಗೆ ಸಂಜೆ ಏಳಕ್ಕೆ ಆಗುತ್ತೆ. ಆದ್ರೆ ಅಪ್ಪ ಆರಕ್ಕೇ 'ಎಲ್ಲಿ ಅವಳು' ಅಂತ ಶುರುಮಾಡ್ತಾರೆ."

"ಹಾಗಾದ್ರೆ," ಎಂದಳು ಅವಳು, "ಐದಕ್ಕೇ ಬರ್ತೀನಿ."